ವೇದಿಕೆಯ ಮೇಲಿನ ಬೊಂಡ

ತುಂಬುತೋಳಿನದು ಏನಾದರೂ ಹಾಕಿಕೋ ಎಂದು ವಾರಿಜಕ್ಕ ಬೆಳಗ್ಗಿನಿಂದ ಬಡಿದುಕೊಂಡರೂ ಯಕ್ಷಿತಾ ಕೇಳಲಿಲ್ಲ. ಗಿಡ್ಡ ತೋಳಿನ ಕುರ್ತಾವನ್ನೇ ಇಸ್ತ್ರಿ ಮಾಡಿ ಹಾಕಿಕೊಂಡಳು. ಡಯಾಲಿಸಿಸ್ ಸೂಜಿಗೆ ಅನುಕೂಲವಾಗಲೆಂದು ಆಪರೇಷನ್ ಮಾಡಿ ದಪ್ಪಗೊಳಿಸಿದ್ದ ಎಡಗೈಯ ರಕ್ತನಾಳ ಮೊಣಕೈ ಕೆಳಗೆ ಉಬ್ಬಿಕೊಂಡು, ನೋಡಬೇಡಿ ಅಂದರೂ ಕಾಣುವ ಹಾಗಿತ್ತು.

"ನಾಳೆ ನಿನ್ನನ್ನು ಒಂದು ಕಡೆ ಮದುವೆ ಮಾಡಿ ಕೊಡ್ಲಿಕ್ಕೆ ಉಂಟು ಮಾರಾಯ್ತಿ. ಊರಿನವರೆಲ್ಲ ಬಂದಿರ್ತಾರೆ. ಅದನ್ನು ಮುಚ್ಚಿಕೊಂಡ್ರೆ ನಿನ್ನ ಗಂಟೇನು ಹೋಗ್ತದೆ?"

"ಅಮ್ಮಾ, ಈ ಸ್ಕಾಲರ್‌ಶಿಪ್ ಕೊಡೋದೇ ಕಿಡ್ನಿ ಕಾಯಿಲೆ ಇರೋ ಸ್ಟೂಡೆಂಟ್ಸ್‌ಗೆ. ಮುಚ್ಚಿಕೊಂಡು ಹೋಗಿ ಏನ್ ಫಾಯ್ದಾ?"

ಮಗಳು ದಾದರಿನ ಕಾಲೇಜಿನಲ್ಲಿ ಕಾನೂನು ಓದಲು ಸೇರಿದಂದಿನಿಂದ ಆ ಮನೆಯಲ್ಲಿ ಕೊನೆಯ ಮಾತು ತಾಯಿಯದಾದದ್ದು ಕಡಿಮೆ.

ಆ ಓದೇ ಈಗ ನಿಲ್ಲುವ ಹಂತಕ್ಕೆ ಬಂದಿತ್ತು. ಗಂಡ ತೀರಿಕೊಂಡ ಮೇಲೆ ವಾರಿಜಕ್ಕ ಭಾಂಡುಪ್‌ನ ಚಾಳಿನಲ್ಲೇ ಡಬ್ಬದ ಊಟ ಮಾಡಿಕೊಟ್ಟು ಸಂಸಾರ ತೂಗಿಸುತ್ತಿದ್ದಳು. ಬಂದದ್ದನ್ನು ಆಸ್ಪತ್ರೆ ನುಂಗಿದರೆ ಕಾಲೇಜಿಗೆ ಉಳಿಯುವುದೇನು, ಮಣ್ಣು! ಈ ವಿದ್ಯಾರ್ಥಿವೇತನ ಸಿಗದಿದ್ದರೆ ಓದು ಬಿಡುವುದು ಎಂದು ತಾಯಿ ಮಗಳ ನಡುವೆ ಮಾತಾಗಿತ್ತು. ಮಾತಾಗಿತ್ತು ಅಂದರೆ, ತಾಯಿ ಹೇಳಿದ್ದಳು, ಮಗಳು ಕಿವಿಗೆ ಹಾಕಿಕೊಂಡಿರಲಿಲ್ಲ.

ಕೊಡುವವರು ಘಾಟ್ಕೋಪರ್‌ನ ಹೋಟೆಲ್ ಮಾಲೀಕ ರಮಾನಾಥ ಶೆಟ್ಟರು. ಕಿಡ್ನಿ ಕಾಯಿಲೆಯಿಂದ ತೀರಿಹೋದ, ಒಡಹುಟ್ಟಿದ ತಮ್ಮ ಪ್ರಶಾಂತನ ಹೆಸರಿನಲ್ಲಿ ಅವರು ಇದನ್ನು ಶುರುಮಾಡಿದ್ದರು. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ಊರವರ ಬಳಗದ ವಾರ್ಷಿಕೋತ್ಸವದಲ್ಲಿ ತಾವೇ ವೇದಿಕೆ ಹತ್ತಿ ಕೊಡುತ್ತಿದ್ದರು. ಒಳ್ಳೆಯ ಮನುಷ್ಯರು, ಸುಳ್ಳು ಹೇಳಬಾರದು. ಆದರೆ ಕರಾವಳಿಯ ನಮ್ಮ ಜನಕ್ಕೆ ಒಂದು ಹುಚ್ಚು ಉಂಟಲ್ಲ, ಎಳನೀರಿನ ಹುಚ್ಚು, ನಮ್ಮ ಬಾಯಲ್ಲಿ ಬೊಂಡ! ಜ್ವರ ಬಂತೇ, ಬೊಂಡ ಕುಡಿ. ಉಷ್ಣವಾಯಿತೇ, ಬೊಂಡ ಕುಡಿ. ಹೊಟ್ಟೆ ಕೆಟ್ಟರೂ ಬೊಂಡ, ಮನಸ್ಸು ಕೆಟ್ಟರೂ ಬೊಂಡ. ಶೆಟ್ಟರ ಸನ್ಮಾನದಲ್ಲೂ ಶಾಲು, ಹಾರ, ಹಣ್ಣಿನ ಬುಟ್ಟಿ ಆದ ಮೇಲೆ ಕೊನೆಯದು ಅದೇ. ಊರಿಂದ ತರಿಸಿದ ಬೊಂಡವನ್ನು ಅವರು ಸ್ವಂತ ಕೈಯಿಂದ ಕುಡಿಸಿ, ಆಮೇಲೆ ಲಕೋಟೆ ಕೊಡುವುದು. ಹಾಗೆಂದು ಯಕ್ಷಿತಾಳಿಗೆ ಯಾರೂ ಮೊದಲೇ ಹೇಳಿರಲಿಲ್ಲ.

ಅಂದು ಭಾನುವಾರ, ಹಾಲ್ ತುಂಬಿತ್ತು. ಬಳಗದ ಕಾರ್ಯದರ್ಶಿ ಸುಕೇಶ್ ಮೈಕ್ ಹಿಡಿದ. ಅವನಿಗೆ ಮೈಕ್ ಸಿಕ್ಕಿದರೆ ಮುಗಿಯಿತು ಕಥೆ.

"ಪಾಪದ ಹುಡುಗಿ! ಇಷ್ಟು ಸಣ್ಣ ಪ್ರಾಯ, ಎಂಥಾ ಕಷ್ಟ ನೋಡಿ! ದೇವರು ಕಣ್ಣು ಬಿಡಲಿಲ್ಲ, ನಮ್ಮ ಶೆಟ್ರು ಕಣ್ಣು ಬಿಟ್ರು!"

ಚಪ್ಪಾಳೆ ಬಿತ್ತು. ಯಕ್ಷಿತಾಳಿಗೆ ಮೈ ಉರಿದುಹೋಯಿತು. ಮಾರ್ಕ್ಸ್ ಕಾರ್ಡ್ ತೋರಿಸಿ, ಇಂಟರ್ವ್ಯೂನಲ್ಲಿ ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟು ಆಯ್ಕೆಯಾದವಳು ಅವಳು. ಇಲ್ಲಿ ನೋಡಿದರೆ ದೇವಸ್ಥಾನದ ಬಾಗಿಲಲ್ಲಿ ಕೂತವಳಂತೆ ಮಾಡಿಬಿಟ್ಟ ಈ ಪುಣ್ಯಾತ್ಮ. ಆದರೂ ತಡೆದುಕೊಂಡಳು. ಶಾಲು ಹೊದೆಸಿದರು, ಹೊದ್ದಳು. ಹಾರಕ್ಕೆ ತಲೆ ಬಗ್ಗಿಸಿದಳು. ಬುಟ್ಟಿ ತುಂಬ ಬಾಳೆಹಣ್ಣು ಕೊಟ್ಟರು. ತನಗೆ ಆಗದಿದ್ದರೂ ಚಾಳಿನ ಮಕ್ಕಳಿಗಾಯಿತು ಎಂದು ಪಕ್ಕಕ್ಕಿಟ್ಟಳು.

ಆಗ ಬಂತು ಬೊಂಡ. ಬಾಯಿ ಕೆತ್ತಿ ಸ್ಟ್ರಾ ಹಾಕಿದ್ದನ್ನು ಶೆಟ್ಟರು ಎರಡೂ ಕೈಯಲ್ಲಿ ಹಿಡಿದು ಅವಳ ಮುಖದ ಹತ್ತಿರ ತಂದರು. ಫೋಟೋದವನು ಮಂಡಿಯೂರಿದ.

"ಕುಡಿ ಮಗಳೇ. ನನ್ನ ಕೈಯಿಂದ ಒಂದು ಗುಟುಕು."

"ಬೇಡ ಅಂಕಲ್."

"ನಾಚಿಕೆ ಎಂತದು? ಊರಿನ ಬೊಂಡ, ತಂಪು!"

"ನಾಚಿಕೆ ಅಲ್ಲ. ಇದು ನಂಗೆ ಆಗಲ್ಲ."

ಶೆಟ್ಟರ ನಗು ಅರ್ಧಕ್ಕೆ ನಿಂತಿತು. ಇಷ್ಟು ವರ್ಷದಲ್ಲಿ ಆ ವೇದಿಕೆಯ ಮೇಲೆ ಅವರ ಕೈ ತಳ್ಳಿದವರಿಲ್ಲ. ಸುಕೇಶ್ ಮೈಕಿಗೆ ಅಂಗೈ ಮುಚ್ಚಿ ಅವಳ ಕಿವಿಯ ಹತ್ತಿರ ಬಗ್ಗಿದ.

"ಬರೀ ತುಟಿಗೆ ಮುಟ್ಟಿಸು, ಸಾಕು. ಒಂದು ಫೋಟೋ. ಶೆಟ್ರ ಮರ್ಯಾದೆ ತೆಗೀಬೇಡ. ಲಕೋಟೆ ಇನ್ನೂ ಅವರ ಜೇಬಲ್ಲೇ ಉಂಟು, ನೆನಪಿಡು."

ಕೆಳಗೆ ಮೂರನೇ ಸಾಲಿನಲ್ಲಿ ವಾರಿಜಕ್ಕ ಕೈಸನ್ನೆ ಮಾಡುತ್ತಿದ್ದಳು. ಅವಳದೂ ಅದೇ ಮಾತು, ತುಟಿಗೆ ಮುಟ್ಟಿಸು ಮಗಾ.

ಮುಟ್ಟಿಸಬಹುದಿತ್ತು. ಯಕ್ಷಿತಾ ಒಂದು ಕ್ಷಣ ಯೋಚಿಸಿದ್ದೂ ಹೌದು. ಮುಟ್ಟಿಸಿದರೆ ಕಾಲೇಜು ಉಳಿಯುತ್ತದೆ, ಅಮ್ಮನ ಜೀವವೂ ತಣ್ಣಗಾಗುತ್ತದೆ. ಆದರೆ ಸ್ವಲ್ಪ ತಲೆ ತಿರುಗಿಸಿದ್ದೇ ಹಿಂದಿನ ಬ್ಯಾನರ್ ಕಣ್ಣಿಗೆ ಬಿತ್ತು. ಕಳೆದ ವರ್ಷ ವಿದ್ಯಾರ್ಥಿವೇತನ ಪಡೆದ ಹುಡುಗ ಅದರಲ್ಲಿ ಸ್ಟ್ರಾ ಕಚ್ಚಿಕೊಂಡು ನಿಂತಿದ್ದ. ಅವನೂ ಡಯಾಲಿಸಿಸ್‌ನವನೇ. ಅವನು ತುಟಿಗೆ ಮುಟ್ಟಿಸಿದ್ದನೋ, ನಿಜವಾಗಿ ಕುಡಿದಿದ್ದನೋ, ಯಾರಿಗೆ ಗೊತ್ತು? ಮುಂದಿನ ವರ್ಷ ಇದೇ ಬ್ಯಾನರಿನಲ್ಲಿ ತನ್ನ ಮುಖ ಇರುತ್ತದೆ, ಅದನ್ನು ನೋಡಿ ಇನ್ನೊಂದು ಮಗು ಬಾಯಿ ತೆರೆಯುತ್ತದೆ. ಅವಳು ಸುಕೇಶನ ಕೈಯಿಂದ ಮೈಕ್ ಕಿತ್ತುಕೊಂಡಳು.

"ನನ್ನ ಕಿಡ್ನಿ ಕೆಲಸ ಮಾಡಲ್ಲ. ಬೊಂಡದಲ್ಲಿ ಪೊಟ್ಯಾಷಿಯಂ ಬಹಳ. ಅದು ಒಳಗೇ ಉಳಿದ್ರೆ ಹಾರ್ಟ್ ಬಂದ್ ಆಗಬಹುದು. ನಂಗೆ ಶುಕ್ರವಾರ ಡಯಾಲಿಸಿಸ್ ಆಗಿದೆ, ಮುಂದಿನದು ನಾಳೆ." ಹೆಗಲಿನ ಚೀಲದಿಂದ ನೀರಿನ ಸಣ್ಣ ಬಾಟಲಿ ತೆಗೆದು ಎತ್ತಿ ಹಿಡಿದಳು. "ಇಡೀ ದಿನಕ್ಕೆ ಕುಡಿಯೋದು ಇಷ್ಟೇ. ಇದರಲ್ಲಿ ಫೋಟೋಗೆ ಅಂತ ಹಿಸ್ಸಾ ಇಲ್ಲ."

"ಅಯ್ಯೋ, ಒಂದು ಗುಟುಕಿಗೆ ಯಾರಾದ್ರೂ ಸಾಯ್ತಾರಾ?" ಎಂದು ಮುಂದಿನ ಸಾಲಿನಿಂದ ಯಾರೋ ಹೇಳಿದರು.

"ಸಾಯೋದು ನಾನು ತಾನೇ? ನಾನು ಹೇಳ್ತೇನೆ, ಬೇಡ!" ಅವಳು ಮೈಕನ್ನು ಬಾಯಿಗೆ ಇನ್ನೂ ಹತ್ತಿರ ಹಿಡಿದಳು. "ಮತ್ತೆ ನಾನು ಪಾಪದ ಹುಡುಗಿ ಅಲ್ಲ. ಸೆಲೆಕ್ಟ್ ಆಗಿ ಬಂದವಳು. ಕೊಡೋದಿದ್ರೆ ಓದೋದಕ್ಕೆ ಕೊಡಿ. ಇದನ್ನು ಕುಡಿದ್ರೇ ಕೊಡೋದು ಅಂದ್ರೆ, ನಂಗೆ ಬೇಡ."

ವಾರಿಜಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮುಗಿಯಿತು, ಕಾಲೇಜೂ ಹೋಯಿತು, ಮಾನವೂ ಹೋಯಿತು ಎಂದು ಅವಳ ಲೆಕ್ಕ.

ಶೆಟ್ಟರು ಸಿಟ್ಟಿನ ಮನುಷ್ಯ. ಹೋಟೆಲಿನಲ್ಲಿ ಅವರು ಗದರಿದರೆ ಲೋಟ ಕೈತಪ್ಪುತ್ತದೆ. ಈಗಲೂ ಎಲ್ಲರೂ ಅದನ್ನೇ ಕಾದರು. ಅವರು ಮಾತ್ರ ಕೈಯಲ್ಲಿದ್ದ ಬೊಂಡವನ್ನೇ ನೋಡುತ್ತ ಮೆಲ್ಲಗೆ ಕೇಳಿದರು.

"ಬೊಂಡ ಕೂಡದಾ?"

"ಡಾಕ್ಟ್ರು ಮೊದಲ ದಿನವೇ ಹೇಳ್ತಾರೆ ಅಂಕಲ್."

"ಪ್ರಶಾಂತನಿಗೆ ನಾನು ದಿನಾ ಕೊಂಡುಹೋಗ್ತಿದ್ದೆ. ಆಸ್ಪತ್ರೆಗೆ."

ಯಕ್ಷಿತಾ ಮೈಕ್ ಕೆಳಗಿಳಿಸಿದಳು. ಪರವಾಗಿಲ್ಲ ಅಂಕಲ್, ಅದರಿಂದ ಏನೂ ಆಗಿರಲಿಕ್ಕಿಲ್ಲ ಎಂದುಬಿಡಬಹುದಿತ್ತು. ಆದರೆ ಏನಾಗಿತ್ತೋ ಅವಳಿಗೇನು ಗೊತ್ತು?

"ಅವರು ಬೇಡ ಅನ್ನಲಿಲ್ವಾ?"

"ಅಂದ," ಎಂದರು ಶೆಟ್ಟರು. "ದಿನಾ ಅಂದ. ಡಾಕ್ಟ್ರು ಸುಮ್ಮನೆ ಹೆದರಿಸ್ತಾರೆ, ನೀನು ಕುಡಿ ಮಾರಾಯ ಅಂತ ನಾನೇ ಬೈದು ಕುಡಿಸ್ತಿದ್ದೆ."

ಅಷ್ಟು ಹೊತ್ತಾದರೂ ಬೊಂಡ ಅವರ ಕೈಯಲ್ಲಿ, ಅವಳ ಮುಖದ ಮುಂದೆಯೇ ಇತ್ತು. ಅವಳಿಗೆ ಕನಿಕರವಾಯಿತು, ಬಹಳ ಆಯಿತು. ಆದರೂ ಒಂದಿಂಚು ಮುಂದೆ ಬಾಗಲಿಲ್ಲ.

"ಹಾಗಾದ್ರೆ ನಾನು ಬೇಡ ಅಂದದ್ದಾದ್ರೂ ಕೇಳಿ ಅಂಕಲ್."

ಶೆಟ್ಟರು ಕೈ ಇಳಿಸಿದರು. ಬೊಂಡವನ್ನು ಸುಕೇಶನ ಕೈಗೆ ತುರುಕಿದರು.

"ಇದನ್ನು ಒಳಗೆ ತೆಗೆದುಕೊಂಡು ಹೋಗು. ಆ ಬ್ಯಾನರ್ ಸಹ ಇಳಿಸು. ಈಗಲೇ ಇಳಿಸು."

ಆಮೇಲೆ ಜೇಬಿನಿಂದ ಲಕೋಟೆ ತೆಗೆದರು. ಯಕ್ಷಿತಾ ಕೈ ಚಾಚಿದಾಗ ಫೋಟೋದವನು ಕ್ಯಾಮೆರಾ ಸರಿಪಡಿಸಿಕೊಳ್ಳುತ್ತ, "ಮ್ಯಾಡಮ್, ವೋ ಹಾಥ್ ಜರಾ ಶಾಲ್ ಮೇಂ..." ಎಂದು, ಆ ಕೈಯನ್ನು ಶಾಲಿನೊಳಗೆ ಮುಚ್ಚಿಕೊಳ್ಳುವಂತೆ ರಾಗ ಎಳೆದ.

ಅವಳು ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿದಳು. ಉಬ್ಬಿದ ಎಡಗೈಯನ್ನೂ ಸೇರಿಸಿ ಎರಡೂ ಕೈಯಲ್ಲಿ ಲಕೋಟೆ ಹಿಡಿದಳು.

"ಐಸೇ ಹೀ ಲೋ," ಇದ್ದ ಹಾಗೇ ತೆಗೆ, ಎಂದಳು.

ಪಕ್ಕದಲ್ಲಿ ರಮಾನಾಥ ಶೆಟ್ಟರು ಬರಿಗೈಯಲ್ಲಿ ನಿಂತಿದ್ದರು.