ಬಿಳಿ ಕಿವಿರು

ಕಾಗವಾಡದ ಸಂತೆಯಲ್ಲಿ ನಮ್ಮವ್ವ ಸುಂದರಾಳ ಬುಟ್ಟಿಯ ಮೀನನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ. ಕಿವಿರು ಎತ್ತಿದರೆ ಒಳಗೆ ಕೆಂಪಗೆ, ಅಷ್ಟು ಸಾಕು. ನಿನ್ನೆಯ ಮೀನನ್ನು ಅವಳು ತಿಪ್ಪೆಗೆ ಎಸೆಯುತ್ತಿದ್ದಳೇ ಹೊರತು ಮಾರುತ್ತಿರಲಿಲ್ಲ. ನಮಗೆ ಬೇರೆ ಆಸ್ತಿ ಅಂತ ಏನಿತ್ತು, ಮಣ್ಣು! ಅವಳ ಆ ಹೆಸರೊಂದೇ ಇತ್ತು.

ಎಂಬತ್ತೆಂಟರ ಬೇಸಿಗೆಯಲ್ಲಿ, ಶಿರಗುಪ್ಪಿಯಲ್ಲಿ ನಾವು ಗುತ್ತಿಗೆ ಹಿಡಿದಿದ್ದ ಕೆರೆಯ ರೋಹು ಮೀನುಗಳು ಈಜುವುದನ್ನೇ ಬಿಟ್ಟು ದಡಕ್ಕೆ ಬಂದು ನಿಲ್ಲತೊಡಗಿದವು. ಮೈತುಂಬ ಜಿಗಣೆ. ಕಿವಿರು ಎತ್ತಿದರೆ ಸುಣ್ಣ ಬಳಿದ ಹಾಗೆ ಬಿಳಿ. ನಸುಕಿನಲ್ಲಿ ಹಿಡಿದ ಮೀನನ್ನು ಸಂತೆಗೆ ಒಯ್ದರೂ ಜನ ಕಿವಿರು ನೋಡಿ, ಹಳೇ ಮಾಲು ಎಂದು ಬುಟ್ಟಿಗೆ ಎಸೆದು ಹೋದರು. ಅವ್ವ ತುಂಬಿದ ಬುಟ್ಟಿಯನ್ನೇ ಹೊತ್ತು ತಂದು ತಿಪ್ಪೆಗೆ ಸುರಿದಳು.

ಚಿಕ್ಕೋಡಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ವಿರುಪಾಕ್ಷಪ್ಪನವರು, ಮೀನು ತಿನ್ನದವರು ಪಾಪ, ಸುದ್ದಿ ತಿಳಿದು ಸೂಕ್ಷ್ಮದರ್ಶಕ ಹಿಡಿದುಕೊಂಡು ಬಂದರು. ಮೀನಿನ ರಕ್ತದ ಒಂದು ಹನಿ ಇಟ್ಟು ತೋರಿಸಿದರು. ಅವ್ವನ ನಂತರ ನಾನೂ ಇಣುಕಿದೆ. ನೂಲಿಗಿಂತ ತೆಳ್ಳಗಿನ ಹುಳಗಳು ರಕ್ತದೊಳಗೆ ಒದ್ದಾಡುತ್ತಿದ್ದವು. ಜಿಗಣೆ ಕಚ್ಚಿದಾಗ ಒಳಗೆ ಸೇರುತ್ತವಂತೆ, ರಕ್ತವನ್ನೇ ಬಡವಾಗಿಸುತ್ತವಂತೆ. ಬೇಯಿಸಿ ತಿಂದವರಿಗೆ ಏನೂ ಆಗುವುದಿಲ್ಲವಂತೆ. ಮದ್ದೇನು ಎಂದು ಅವ್ವ ಕೇಳಿದ್ದಕ್ಕೆ, ಕೆರೆ ಬತ್ತಿಸಿ ಕೆಸರು ಒಣಗಿಸಿ ಸುಣ್ಣ ಹಾಕಿ ಹೊಸ ಮರಿ ಬಿಡಬೇಕು ಎಂದರು.

ನಮ್ಮಪ್ಪ ರಾಜಾರಾಮನಿಗೆ, ತಿಂದವರಿಗೆ ಏನೂ ಆಗುವುದಿಲ್ಲ ಎಂಬ ಮಾತೊಂದೇ ಕೇಳಿಸಿತು. ಮಹಾ ಬುದ್ಧಿವಂತ! ಕಟುಕರಿಂದ ತಂಬಿಗೆಯಲ್ಲಿ ಆಡಿನ ರಕ್ತ ತಂದು, ಒಂದೊಂದು ಕಿವಿರಿಗೂ ಸವರಿ, ಕೆರೆಯ ನಡುವಿನ ಮೀನು ಇನ್ನೂ ನೆಟ್ಟಗಿವೆ ಎಂದು ಅವ್ವನಿಗೆ ಸುಳ್ಳು ಹೇಳಿ ಬುಟ್ಟಿ ಹೊರಿಸಿದ. ಅವಳು ನಂಬಿದಳು. ನಂಬಬೇಕು ಅಂತ ಅವಳಿಗೆ ಅಷ್ಟು ಆಸೆ ಇತ್ತು.

ಅಂದು ಸಂತೆಯಲ್ಲಿ ತಾನೇ ಕಿವಿರು ಎತ್ತಿ ಎತ್ತಿ ತೋರಿಸಿದಳು. ಹಳೆಯ ಗಿರಾಕಿ ಸೋನಾಬಾಯಿ ಬಗ್ಗಿ ಬೆರಳು ಹಾಕಿದಳು. ಬೆರಳು ಕೆಂಪಾಯಿತು, ಕಿವಿರು ಬಿಳಿಯಾಯಿತು. ಸೋನಾಬಾಯಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನೀನೂ ಹಿಂಗ ಮಾಡ್ದಿ ಏನ್ ಸುಂದರಾ?" ಎಂದು ಬೆರಳನ್ನು ಬುಟ್ಟಿಯ ಕೆಳಗಿನ ಗೋಣಿಚೀಲಕ್ಕೆ ಒರೆಸಿ ಎದ್ದು ಹೋದಳು.

ನಸುಕಿನಲ್ಲಿ ಅಪ್ಪನ ಕೈಯಲ್ಲಿ ಕಂಡ ತಂಬಿಗೆ ನನಗೆ ಆಗ ನೆನಪಾಯಿತು. ನಾನು ಅವನ ಹೆಸರು ಹೇಳಹೋದರೆ ಅವ್ವ ನನ್ನ ಬಾಯಿ ಮುಚ್ಚಿದಳು. ನನಗೋ ಅವನನ್ನು ಸಿಗಿದು ಹಾಕುವಷ್ಟು ಸಿಟ್ಟು. ಮನೆಗೆ ಬಂದು ಅವಳು ಅವನಿಗೆ ಅಂದದ್ದು ಇಷ್ಟೇ: "ಇನ್ನ ಅಲ್ಲಿ ಯಾವ ಮಾರಿ ತಗೊಂಡ್ ಕೂಡ್ಲಿ ನಾ?"

ಕೆರೆ ಬತ್ತಿಸಿದೆವು, ಸುಣ್ಣ ಹಾಕಿದೆವು. ಮುಂದಿನ ವರ್ಷದ ಮೀನಿನ ಕಿವಿರು ಕಣ್ಣಿಗೆ ಹೊಡೆಯುವಷ್ಟು ಕೆಂಪಾಗಿತ್ತು. ಅವ್ವ ತಲೆ ತುಂಬ ಸೆರಗು ಹೊದ್ದು ತನ್ನ ಹಳೆಯ ಜಾಗದಲ್ಲಿ ಕೂತಳು. ಬಂದವರೆಲ್ಲ ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಕಿವಿರು ತಿಕ್ಕಿದರು. ಕೆಂಪು ಹೋಗಲಿಲ್ಲ.

"ಈ ಸರ್ತಿ ಪಕ್ಕಾ ಬಣ್ಣಾ ಹಚ್ಯಾಳ ನೋಡ" ಎಂದಳು ಸೋನಾಬಾಯಿ, ಪಕ್ಕದವಳಿಗೆ.

ಯಾರೂ ಒಂದು ಮೀನನ್ನೂ ಕೊಳ್ಳಲಿಲ್ಲ. ಸಂಜೆ ಅವ್ವ ಮನೆಗೆ ಬಂದು, ಆ ಮೀನನ್ನೆಲ್ಲ ತಿಪ್ಪೆಗೆ ಸುರಿದಳು.