ತೊಗಟೆಯ ಬಳೆ

ಹಸಿ ಮರದ ಹುಳಿ ವಾಸನೆ ಮೂಗಿನೊಳಗೆ ಹೋಗಿ ಕೂತುಬಿಟ್ಟಿದೆ, ಉಳಿ ತಾಗಿದಾಗೆಲ್ಲ ಹಾರುವ ಹೊಟ್ಟು ಬಂದು ಬೀಳುವುದು ಶೀಲಾವತಿಯ ತುಂಬಿದ ಹೊಟ್ಟೆಯ ಮೇಲೇ, ಕೊಡವೋಣವೆಂದರೆ ಎರಡು ಕೈಯಲ್ಲೂ ಹಗ್ಗ — ಬಲಗೈ ಎಳೆ, ಎಡಗೈ ಎಳೆ, ಹಗ್ಗ ಸುತ್ತಿದ ದಿಂಡು ಆಚೆ ತಿರುಗಿ ಈಚೆ ತಿರುಗಿ, ದಿಂಡಿನ ತುದಿಗೆ ಅರಗಿನಲ್ಲಿ ಅಂಟಿಸಿದ ಮರದ ತುಂಡೂ ಅದರೊಟ್ಟಿಗೆ, ಎದುರಿಗೆ ಉಳಿ ಹಿಡಿದು ಕೂತ ಗಂಡ ಕುಕ್ಕಪ್ಪನ ಮುಖದಲ್ಲಿ ನಗು, ಕೈ ಸೋತಿತಾ ಮಾರಾಯ್ತಿ, ಸೋತ್ರೆ ಬಿಡುವ, ಇಲ್ಲ ಇಲ್ಲ ಇದೊಂದು ಆಗ್ಲಿ ಅಂದದ್ದು ಅವಳೇ, ಇದೊಂದು ಮುಗಿಯುವುದರೊಳಗೆ ಒಳಗಿನ ಮಗು ಒಮ್ಮೆ ಒದೆಯಲಿ, ಒಂದೇ ಒಂದು ಸಲ, ಒದ್ದರೆ ಯಾರಿಗೂ ಹೇಳುವುದೇ ಬೇಡ, ನಿನ್ನೆ ಗಂಜಿ ಉಣ್ಣುವಾಗ ಒದ್ದದ್ದು, ಆಮೇಲೆ ಇಲ್ಲ, ರಾತ್ರಿ ಮಗ್ಗುಲು ಬದಲಿಸಿದರೂ ಇಲ್ಲ, ಬೆಳಿಗ್ಗೆ ತಣ್ಣೀರು ಕುಡಿದರೂ ಇಲ್ಲ. ಎಂತಕ್ಕೆ ಇಷ್ಟು ಸಣ್ಣ ಮರದ ಡಬ್ಬಿ, ಈ ಕರಡಿಗೆ ಅಂತ ಕೇಳಿದರೆ ಪುತ್ತೂರಿನ ಅಂಗಡಿಗೆ ಅನ್ನುತ್ತಾನೆ, ಕಳ್ಳ, ಕಿರುಬೆರಳು ಮಾತ್ರ ಹೋಗುವ ಕರಡಿಗೆ ಮಗುವಿನ ಕಣ್ಣಿನ ಕಾಡಿಗೆ ಇಡಲಿಕ್ಕಲ್ಲದೆ ಮತ್ತೆಂತಕ್ಕೆ, ಹುಟ್ಟುವ ಮೊದಲು ಮಗುವಿಗೆ ಅಂತ ಎಂತದೂ ಮಾಡ್ಲಿಕ್ಕಿಲ್ಲ, ತೊಟ್ಟಿಲೂ ಇಲ್ಲ ಬಟ್ಟೆಯೂ ಇಲ್ಲ ಅಂತ ಅತ್ತೆ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡರು, ಅವರು ಐವರ್ನಾಡಿಗೆ ಮಗಳ ಮನೆಗೆ ಹೋದದ್ದೇ ತಡ, ಈ ಮನುಷ್ಯ ಉಳಿ ಮಸೆದು ಕೂತ.

ಬೇಡ ಅನ್ನಬೇಕಿತ್ತು, ಹೇಗೆ ಅನ್ನುವುದು, ಹೋದ ಸಲ ಬಸಿರು ಮೂರು ತಿಂಗಳಿಗೇ ಹೋದಾಗ ಇದೇ ಚಾವಡಿಯ ಕಂಬಕ್ಕೆ ಒರಗಿ ಕೂತಿದ್ದ, ಎಷ್ಟೋ ದಿನ ಉಳಿ ಮುಟ್ಟದೆ, ಈಗ ನಗುತ್ತಾನೆ, ಆ ನಗುವಿಗೆ ಕಲ್ಲು ಹಾಕಲು ಅವಳಿಗೆ ಧೈರ್ಯವಿಲ್ಲ, ಭಯ, ಬರೀ ಭಯ — ಕರಡಿಗೆಯ ನಡುವಿನ ತೊಗಟೆ ಹಾಗೇ ಇರ್ಲಿ, ಚಂದ ಉಂಟಲ್ಲ, ಅಂಗಿ ಹಾಕಿದ ಹಾಗೆ, ಇದು ಮದುವೆಯಾದ ವರ್ಷ ಅವಳೇ ಅಂದ ಮಾತು, ಆ ಮಳೆಗಾಲದಲ್ಲಿ ಕಡಿದ ಕೊಂಬೆಯ ತೊಗಟೆ ಬಳೆಯ ಹಾಗೆ ಇಡಿಯಾಗಿ ಕಳಚಿ ಬಂದಿತ್ತು, ಕೈಗೆ ಹಾಕಿಕೊಂಡು ನಕ್ಕಿದ್ದಳು, ಒಣಗಿ ಸೀಳಿಹೋಯಿತು, ಆಮೇಲೆ ಇಬ್ಬರೂ ಕಲಿತರು, ಮರದ ನೀರು ಇಳಿದಿರುವ ಮಾಗಿಯ ಚಳಿಯಲ್ಲೇ ಕಡಿಯಬೇಕು, ಆಗ ತೊಗಟೆ ಮರವನ್ನು ಬಿಡುವುದಿಲ್ಲ. ಕಲಿತದ್ದನ್ನೆಲ್ಲ ಮರೆತನಲ್ಲ, ನೆಟ್ಟಣದಲ್ಲಿ ರೈಲಿನ ದಾರಿಗೆ ಮರ ಉರುಳಿಸುತ್ತಿದ್ದಾರೆ, ಅವರಿಗೆ ಮಾಗಿ ಏನು ಮಳೆ ಏನು, ಬೇಕಾದಷ್ಟು ಕೊಂಬೆ ಬಿದ್ದುಂಟು ಮಾರಾಯ್ತಿ ಅಂತ ಹೊತ್ತು ತಂದ, ಮಾಗಿಯವರೆಗೆ ಕಾಯುವ ತಾಳ್ಮೆ ಎಲ್ಲಿ, ಮಗು ಅದಕ್ಕೆ ಮೊದಲೇ ಬರುತ್ತದಲ್ಲ, ಬರುತ್ತದಾ, ಬಲಗೈ ಎಳೆ, ಎಡಗೈ ಎಳೆ, ಈ ಕರಡಿಗೆಗೂ ಬಿಟ್ಟ ತೊಗಟೆಯ ಅಂಚಿನಲ್ಲಿ ನೀರು ಒಸರುತ್ತಿದೆ, ಅವಳಿಗೆ ಕಾಣುತ್ತದೆ, ಅವನಿಗೆ ಕಾಣುವುದಿಲ್ಲ, ಒದೆಯೋ ಮಗನೇ, ಮಗಳಾದರೆ ಮಗಳೇ, ನಿನ್ನ ಅಪ್ಪನ ಕೆಲಸ ಮುಗಿಯುತ್ತಾ ಬಂತು, ಒದೆ, ಈಗ ಒಳಗೆ ಏನೋ ಸರಿದ ಹಾಗಾಯಿತು, ಅಲ್ಲ, ಅದು ಹಗ್ಗ ಎಳೆದ ಅವಳದೇ ಮೈ ಅಲುಗಿದ್ದು, ಎಳೆಯುವುದನ್ನು ನಿಲ್ಲಿಸಿದರೆ ಮಗು ಅಲುಗುತ್ತದೋ ಇಲ್ಲವೋ ಗೊತ್ತಾಗುತ್ತದೆ, ಅದಕ್ಕೇ ನಿಲ್ಲಿಸುವುದಿಲ್ಲ, ಮೆಲ್ಲ ಎಳಿ ಮೆಲ್ಲ, ಎಂತ ಅವಸರ ನಿಂಗೆ —

ಟಪ್ಪೆಂದಿತು. ಛೆ, ಹಸಿ ಮರ ನೋಡು, ಹೋಗ್ಲಿ, ಇನ್ನೊಂದು ಮಾಡುವ, ಕೊಂಬೆ ಬೇಕಾದಷ್ಟುಂಟು, ಎಳಿ ಶೀಲಾ, ಎಂತಾಯ್ತು, ಯಾಕೆ ಹಗ್ಗ ಬಿಟ್ಟೆ — ಇನ್ನೊಂದಂತೆ, ಕೈ ಎರಡೂ ಹೊಟ್ಟೆಯ ಮೇಲೆ, ಮೈ ಅಲುಗುತ್ತಿಲ್ಲ, ದಿಂಡು ನಿಂತಿದೆ, ಕಳಚಿದ ತೊಗಟೆ ಉರುಳಿ ಬಂದು ಅವಳ ಕಾಲ ಹತ್ತಿರ ಬಿದ್ದಿದೆ, ಒಂದು ಸೀಳೂ ಇಲ್ಲ, ಇಡೀ ಬಳೆ, ಎಳೆ ಮಗುವಿನ ಕೈಗೆ ಸರಿಯಾಗುವಷ್ಟು, ಒಳಗೆಲ್ಲ ನುಣ್ಣಗೆ, ಒದ್ದೆ, ಒಳಗೆ ಏನೂ ಇಲ್ಲ, ತೊಗಟೆಯ ಬಳೆ, ನೆಲದ ಮೇಲೆ, ಅಲುಗದೆ