ನಮ್ಮವರನ್ನು ನಾವೇ ಕೇಳಿದ ಸಭೆ

ಊರಿನ ಚರಿತ್ರೆಯಲ್ಲಿ ದಾಖಲಾಗಬೇಕಾದ ಸಂಗತಿಯೊಂದು ಒಂದು ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ ಪುಂಜಾಲಕಟ್ಟೆಯ ಆಚೆಗಿನ ಗುಡ್ಡೆಯ ಮೇಲೆ ನಡೆಯಿತು. ಆಟೊ ಚಾಲಕ ಹುಕ್ರಪ್ಪಣ್ಣ ತಮ್ಮ ರಿಕ್ಷಾದ ಗಾಜಿನ ಮೇಲಿದ್ದ ಪಕ್ಷದ ಸ್ಟಿಕ್ಕರನ್ನು ಬ್ಲೇಡಿನಿಂದ ಕೆರೆದು ತೆಗೆದರು. ಪೂರ್ತಿ ಬರಲಿಲ್ಲ, ಅರ್ಧ ಬಂತು. ಹದಿನೈದು ವರ್ಷದ ಅಂಟು.

ಕಾರಣ ನೀರು. ಗುಡ್ಡೆಯ ಏಳು ಮನೆಗಳಿಗೆ ನಳ್ಳಿ ಬಂದು ಮೂರು ವರ್ಷವಾಯಿತು, ನೀರು ಬಂದಿಲ್ಲ. ಕೆಳಗಿನ ಮನೆಯವರು ನಳ್ಳಿ ತಿರುಗಿಸಿದರೆ ಮೇಲಕ್ಕೆ ಏರುವುದು ಗಾಳಿ ಮಾತ್ರ. ಹೆಂಡತಿ ಪದ್ಮಾಕ್ಷಿ ದಿನಕ್ಕೆ ಎಂಟು ಕೊಡಪಾನ ಹೊತ್ತು ಗುಡ್ಡೆ ಹತ್ತುತ್ತಾರೆ. ವಾರ್ಡಿನ ಸದಸ್ಯ ಲತೇಶ್, ಹುಕ್ರಪ್ಪಣ್ಣನೇ ಮನೆ ಮನೆ ಸುತ್ತಿ ಗೆಲ್ಲಿಸಿದ ಹುಡುಗ. ಪಂಚಾಯತ್ ಚುನಾವಣೆಗೆ ಪಕ್ಷವಿಲ್ಲ ಎಂದು ಕಾನೂನು ಹೇಳುತ್ತದೆ. ಊರು ಅದನ್ನು ಗೌರವದಿಂದ ಕೇಳಿಸಿಕೊಂಡಿದೆ.

“ಮುಂದಿನ ಸಲ ನಾನು ಓಟಿಗೇ ಹೋಗುವುದಿಲ್ಲ,” ಎಂದರು ಹುಕ್ರಪ್ಪಣ್ಣ.

“ಹೋಗದಿದ್ದರೆ ಲತೇಶನಿಗೆ ಒಂದು ಓಟು ಕಡಿಮೆ. ನನಗೆ ಒಂದು ಕೊಡಪಾನವಾದರೂ ಕಡಿಮೆ ಆಗ್ತದಾ?” ಎಂದರು ಪದ್ಮಾಕ್ಷಿ. “ಗುರುವಾರ ವಾರ್ಡ್ ಸಭೆ ಉಂಟು. ನಮ್ಮ ಸಂಘದ ಮೀಟಿಂಗಿನಲ್ಲಿ ಹೇಳಿದ್ದಾರೆ, ವಾರ್ಡಿನ ಮತದಾರರು ಯಾರು ಬೇಕಾದರೂ ಕೇಳಬಹುದಂತೆ. ಹೋಗಿ ಕೇಳುವ.”

“ನಮ್ಮ ಜನವನ್ನು ನಾವೇ ಸಭೆಯಲ್ಲಿ ಕೇಳುವುದಾ? ಆಚೆ ಪಕ್ಷದ ಜತ್ತಪ್ಪನಿಗೆ ಹಬ್ಬ ಆಗ್ತದೆ ಮಾರಾಯ್ತಿ!”

“ಆಗಲಿ. ಅವರ ಮನೆಗೂ ನೀರಿಲ್ಲ. ಪಾಪ, ಒಂದು ದಿನ ಹಬ್ಬ ಮಾಡಲಿ.”

ಗುರುವಾರ ಹುಕ್ರಪ್ಪಣ್ಣ ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು. “ಲತೇಶ, ನಮಗೆ ನೀರಿಲ್ಲ,” ಎಂದರು.

ಲತೇಶ್ ಕಣ್ಣರಳಿಸಿದ. “ಹುಕ್ರಪ್ಪಣ್ಣ, ಜತ್ತಪ್ಪಣ್ಣ ಪ್ರತಿ ಸಭೆಯಲ್ಲಿಯೂ ಇದನ್ನೇ ಹೇಳ್ತಾರೆ. ‘ಸುಳ್ಳು, ಎಲ್ಲ ರಾಜಕೀಯ’ ಅಂತ ಬೊಬ್ಬೆ ಹಾಕಿದ್ದು ನೀವೇ ಅಲ್ವಾ? ನೀರು ಉಂಟು ಅಂತಲೇ ನಾನು ಗ್ರಹಿಸಿದೆ!”

“ನನ್ನ ಬಾಯಿ ಮುಚ್ಚಿಸಿ ಮುಚ್ಚಿಸಿ ಇವರ ಗಂಟಲೂ ಒಣಗಿತು ನೋಡಿ,” ಎಂದರು ಜತ್ತಪ್ಪ. ಸಭೆ ಗೊಳ್ಳೆಂದಿತು. ಕೊನೆಗೆ ಹುಕ್ರಪ್ಪಣ್ಣನೂ ನಕ್ಕರು.

ಪದ್ಮಾಕ್ಷಿ ನಗು ನಿಲ್ಲಿಸಿ ಹೇಳಿದರು: “ಗ್ರಹಿಸುವ ಬದಲು ಒಮ್ಮೆ ಗುಡ್ಡೆ ಹತ್ತಬಹುದಿತ್ತಲ್ಲ ಲತೇಶ? ನಾಳೆ ಬಾ. ಬರುವಾಗ ಒಂದು ಕೊಡಪಾನ ನೀನೇ ಹೊತ್ತು ತಾ.”

ಬಂದ. ದಾರಿಯಲ್ಲಿ ಮೂರು ಸಲ ಕೂತ. ಬೇಡಿಕೆ ಅಷ್ಟರಲ್ಲಿ ನಡಾವಳಿ ಪುಸ್ತಕ ಸೇರಿತ್ತು. ತಿಂಗಳೊಳಗೆ ಕೆಳಗಿನ ಪೈಪಿಗೆ ವಾಲ್ವ್ ಬಿತ್ತು, ಕೆಳಗೊಂದು ದಿನ, ಮೇಲೊಂದು ದಿನ ಎಂದು ನೀರಿಗೆ ಸರದಿ ಬಂತು.

ಓದುವವರೇ, ನೀವು ಗೆಲ್ಲಿಸಿದವರ ಮೇಲೆ ನಿಮಗೆ ಸಿಟ್ಟಿದೆಯೇ? ಒಳ್ಳೆಯದು, ಅದನ್ನು ಮನೆಯಲ್ಲೇ ಮುಗಿಸಬೇಡಿ. ವಾರ್ಡ್ ಸಭೆಗೆ, ಗ್ರಾಮ ಸಭೆಗೆ ಹೋಗಿ. ಅರ್ಜಿಯನ್ನು ಎರಡು ಪ್ರತಿ ಬರೆದು, ನಿಮ್ಮ ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಪಕ್ಕದವರು ಯಾವ ಪಕ್ಷದವರಾದರೂ ಅವರ ಪ್ರಶ್ನೆಯನ್ನು ಪೂರ್ತಿ ಕೇಳಿ, ಅದು ನಿಮ್ಮದೂ ಆಗಿರಬಹುದು. ಚುನಾವಣೆಯ ದಿನ ತಪ್ಪದೆ ಮತ ಹಾಕಿ. ಯಾರಿಗೆ ಎಂಬುದು ನಿಮ್ಮ ಇಷ್ಟ.

ಗುಡ್ಡೆಯ ಏಳು ಮನೆಗಳಿಗೆ ಈಗ ದಿನ ಬಿಟ್ಟು ದಿನ, ಬೆಳಿಗ್ಗೆ ಆರರಿಂದ ಏಳರ ತನಕ ನೀರು ಬರುತ್ತದೆ.